ಮೈಮೇಲೆ ಬಿದ್ದ ಮಣ್ಣು

ಕಳೆದ ವಾರ ನನ್ನ ಹಳೆಯ ಶಿಷ್ಯನೊಬ್ಬ ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದ. ಹುಡುಗ ಒಂಬತ್ತನೆಯ ತರಗತಿ. ಬಂದವನೇ ಗಣಿತದ ನೋಟುಪುಸ್ತಕವೊಂದನ್ನು ನನ್ನ ಮುಂದಿಟ್ಟು, “ಮಾಷ್ಟ್ರೇ, ಇವನಿಗೆ ನೀವೊಂದು ಬುದ್ಧಿ ಹೇಳಬೇಕು” ಎಂದ. ಪುಸ್ತಕದ ಹಿಂಬದಿಯ ಹಾಳೆಗಳ ತುಂಬ ಕಾರುಗಳ ಚಿತ್ರ. ಎಲ್ಲವೂ ಓರೆಯಾಗಿ ನಿಂತಿವೆ, ಎಲ್ಲಕ್ಕೂ ಕೆಸರು ಮೆತ್ತಿದೆ. ಡರ್ಟ್ ಟ್ರ್ಯಾಕ್ ರೇಸ್, ಅಂದರೆ ಮಣ್ಣಿನ ಕಣದಲ್ಲಿ ನಡೆಯುವ ವಾಹನಗಳ ಓಟ, ಹುಡುಗನ ತಲೆಗೇರಿದೆ. ಕಳೆದ ಮಳೆಗಾಲದಲ್ಲಿ ನೆರೆಮನೆಯ ತರುಣನೊಬ್ಬ ಬೈಕ್ ಜಾರಿ ಬಿದ್ದು ತಿಂಗಳುಗಟ್ಟಲೆ ಹಾಸಿಗೆ ಹಿಡಿದುದನ್ನು ಕಂಡ ತಂದೆಗೆ ಈ ಚಿತ್ರಗಳನ್ನು ನೋಡುವಾಗ ನಿದ್ದೆ ಬಾರದಿದ್ದರೆ ಅಚ್ಚರಿಯಿಲ್ಲ.

ಬುದ್ಧಿ ಹೇಳುವ ಮೊದಲು ನಾನು ಹುಡುಗನನ್ನೇ ಕೇಳಿದೆ, ಈ ಹುಚ್ಚು ಶುರುವಾದದ್ದು ಎಲ್ಲಿ ಎಂದು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಚಿಕ್ಕಪ್ಪನ ಮನೆಯ ಟಿ.ವಿ.ಯಲ್ಲಿ ನೋಡ್ತಾ ಇದ್ದೆ. ಕಾರು ತಿರುಗುವಾಗ ಮಣ್ಣು ಬಂದು ಕ್ಯಾಮರಾಕ್ಕೆ ಬಡಿಯಿತು. ನಾನು ಮುಖ ಹಿಂದೆ ತೆಗೆದೆ” ಎಂದ. ಯಾರು ಗೆದ್ದರು ಎಂಬುದು ಅವನಿಗೆ ನೆನಪಿಲ್ಲ. ಕಾರಿನ ಹೆಸರೂ ಆಗ ಗೊತ್ತಿರಲಿಲ್ಲ.

ಈ ಓಟದ ಚರಿತ್ರೆಯನ್ನು ಓದಿದವರಿಗೆ ಹುಡುಗನ ಉತ್ತರ ಹೊಸದಲ್ಲ. ಮಣ್ಣಿನ ಕಣದ ಓಟವನ್ನು ಮೊದಮೊದಲು ನೋಡಿದವರು ಓಟವನ್ನು ನೋಡಲೆಂದು ಬಂದವರೇ ಅಲ್ಲ. ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದಲ್ಲಿ 1896ರ ಸೆಪ್ಟೆಂಬರ್‌ನಲ್ಲಿ ಕೃಷಿಮೇಳವೊಂದು ನಡೆಯಿತು. ದನಕರು, ಬೆಳೆಗಳ ನಡುವೆ ಆ ವರ್ಷ ಒಂದು ಹೊಸ ಆಕರ್ಷಣೆಯೂ ಇತ್ತು: ಕುದುರೆಗಳು ಓಡುವ ನಾರಗ್ಯಾನ್ಸೆಟ್ ಪಾರ್ಕಿನ ಮಣ್ಣಿನ ಪಥದಲ್ಲಿ ಕುದುರೆಯಿಲ್ಲದ ಗಾಡಿಗಳ ಸ್ಪರ್ಧೆ. ಗೆದ್ದದ್ದು ರೈಕರ್ ಕಂಪನಿಯ ವಿದ್ಯುತ್ ಕಾರು. ಬ್ಯಾಟರಿ ಕಾರು ನಿನ್ನೆ ಮೊನ್ನೆ ಹುಟ್ಟಿತೆಂದು ತಿಳಿದಿರುವ ನಮಗೆ ಇದೊಂದು ಸಣ್ಣ ಪಾಠ. ಗಾಡಿಗಳ ವೇಗ ಕಂಡು ಬೇಸತ್ತ ಜನ ಕುದುರೆಯನ್ನೇ ತನ್ನಿರೆಂದು ಕೂಗಿದರಂತೆ. ಅಭಿಮಾನ ಅಂದೇ ಹುಟ್ಟಲಿಲ್ಲವೆಂದಾಯಿತು.

ಆದರೆ ಕಣ ಸಿದ್ಧವಾಗಿತ್ತು. ಅಮೆರಿಕದ ಜಿಲ್ಲೆ ಜಿಲ್ಲೆಯಲ್ಲೂ ವರ್ಷಕ್ಕೊಮ್ಮೆ ಇಂಥ ಮೇಳ, ಮೇಳದ ಬಯಲಿನಲ್ಲಿ ಕುದುರೆಗಳಿಗಾಗಿ ಅಂಡಾಕಾರದ ಮಣ್ಣಿನ ಪಥ, ಅದರ ಸುತ್ತ ಮರದ ಬೇಲಿ. ನಮ್ಮ ಜಾತ್ರೆಗದ್ದೆಯಂತೆ ಊರವರೆಲ್ಲ ಹೇಗೂ ಬಂದು ಸೇರುವ ಜಾಗ. ಅಲ್ಲಿಗೆ ಬಾರ್ನಿ ಓಲ್ಡ್‌ಫೀಲ್ಡ್ ಎಂಬಾತ ಬಂದ. ಮೊದಲು ಸೈಕಲ್ ಸ್ಪರ್ಧಿಯಾಗಿದ್ದ ಈತ 1902ರಲ್ಲಿ ಹೆನ್ರಿ ಫೋರ್ಡ್ ಕಟ್ಟಿಸಿದ ‘999’ ಎಂಬ ಕಾರನ್ನೇರಿ ಗೆದ್ದ. ಆಗ ಅವನು ಕಾರು ಓಡಿಸಲು ಕಲಿತು ಕೆಲವೇ ದಿನಗಳಾಗಿದ್ದವು. 1903ರ ಜೂನ್ 20ರಂದು ಇಂಡಿಯಾನಾಪೊಲಿಸ್ ಮೇಳದ ಮಣ್ಣಿನ ಪಥದಲ್ಲಿ ಒಂದು ಮೈಲಿಯನ್ನು 59.6 ಸೆಕೆಂಡುಗಳಲ್ಲಿ ಸುತ್ತಿದ. ನಿಮಿಷಕ್ಕೊಂದು ಮೈಲಿ! ಆಮೇಲೆ ಅವನು ಊರೂರಿನ ಮೇಳಗಳಿಗೆ ಹೋಗಿ ಕಾರು ಓಡಿಸಿದ. ಮೋಟಾರು ಕಾರನ್ನು ಹತ್ತಿರದಿಂದ ಕಾಣದ ರೈತರು, ಅವರ ಮಕ್ಕಳು ಬೇಲಿಗೊರಗಿ ನಿಂತು ನೋಡಿದರು. ಅವನು ಹಾದುಹೋದ ಮೇಲೆ ಅವರ ಬಟ್ಟೆಯ ಮೇಲೆ ತಮ್ಮದೇ ಊರಿನ ಮಣ್ಣು ಬಿದ್ದಿತ್ತು.

ಅದೇ ಧೂಳು ಕೊಂದದ್ದೂ ಉಂಟು. 1904ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಓಲ್ಡ್‌ಫೀಲ್ಡನ ಕಾರು ಬೇಲಿ ಮುರಿದು ನುಗ್ಗಿ ನೋಡುಗರ ಪ್ರಾಣ ಹೋಯಿತು. ಇದನ್ನು ಹೇಳುವಾಗ ನಾನು ಹುಡುಗನ ಮುಖವನ್ನೇ ನೋಡುತ್ತಿದ್ದೆ. ತಂದೆಯ ಭಯವನ್ನು ಮರೆಮಾಚಿ ಮಗನಿಗೆ ಚರಿತ್ರೆ ಹೇಳುವುದು ನ್ಯಾಯವಲ್ಲ.

ಭೂಗೋಳದ ಇನ್ನೊಂದು ಮಗ್ಗುಲಲ್ಲೂ ಕತೆ ಇದೇ. ಆಸ್ಟ್ರೇಲಿಯಾದ ವೆಸ್ಟ್ ಮೇಟ್‌ಲೆಂಡಿನ ಕೃಷಿ ಪ್ರದರ್ಶನ ಸಂಘಕ್ಕೆ ಜಾನಿ ಹಾಸ್ಕಿನ್ಸ್ ಎಂಬವರು ಕಾರ್ಯದರ್ಶಿ. 1923ರ ಡಿಸೆಂಬರ್ 15ರ ರಾತ್ರಿ ವಿದ್ಯುದ್ದೀಪಗಳ ಬೆಳಕಿನಲ್ಲಿ ನಡೆದ ಉತ್ಸವದ ಕಾರ್ಯಕ್ರಮಗಳ ನಡುವೆ ಅವರು ಮೋಟಾರ್ ಸೈಕಲ್ ಓಟವನ್ನೂ ಸೇರಿಸಿದರು. ಈ ಆಟವನ್ನು ಹುಟ್ಟಿಸಿದವರು ಅವರೇ ಎಂದು ಹೇಳುವವರಿದ್ದಾರೆ. ಅದಕ್ಕಿಂತ ಮೊದಲೇ ಇಂಥ ಓಟಗಳು ನಡೆದಿದ್ದವಾದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ. ಆದರೆ ಅಲ್ಲಿಂದ ಹಬ್ಬಿದ ಸುದ್ದಿ ಇಂಗ್ಲೆಂಡಿಗೆ ಮುಟ್ಟಿತು. 1928ರ ಫೆಬ್ರವರಿ 19, ಚಳಿಗಾಲದ ಒಂದು ಭಾನುವಾರ. ಲಂಡನ್ನಿನ ಹೊರವಲಯದ ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ, ಕಿಂಗ್ಸ್ ಓಕ್ ಎಂಬ ಪಾನಗೃಹದ ಹಿಂದಿನ ಪಥದಲ್ಲಿ ಓಟ. ವ್ಯವಸ್ಥಾಪಕರು ಎಣಿಸಿದ್ದು 3,000 ಮಂದಿಯನ್ನು. ಬಂದವರು ಅದರ ಹಲವು ಪಟ್ಟು. 30,000 ಎಂದು ಬರೆದವರೂ ಇದ್ದಾರೆ. ಹೊರಗೆ ಸ್ಥಳ ಸಾಲದೆ ಜನ ಪಥದ ಒಳಭಾಗದಲ್ಲಿಯೂ ಕಿಕ್ಕಿರಿದು ನಿಂತರು. ಒಂದು ಹಗ್ಗದಾಚೆ ಬೈಕುಗಳು. ಇಂದು ಯಾವ ಪೊಲೀಸರೂ ಅದಕ್ಕೆ ಅನುಮತಿ ಕೊಡಲಾರರು, ಕೊಡಲೂಬಾರದು.

ಆ ಬೈಕುಗಳ ವಿಷಯ ಹೇಳಿದಾಗ ಹುಡುಗನಿಗಿಂತ ಅವನ ತಂದೆಯೇ ಹೆಚ್ಚು ಬೆಚ್ಚಿದ. ಸ್ಪೀಡ್‌ವೇ ಎಂದು ಹೆಸರಾದ ಈ ಆಟದ ಬೈಕಿಗೆ ಬ್ರೇಕ್ ಇಲ್ಲ, ಗೇರು ಒಂದೇ. ನಾಲ್ವರು ಸವಾರರು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷದಲ್ಲಿ ಮುಗಿಯಿತು. ಎಡಕ್ಕೆ ತಿರುಗುವಾಗ ಹಿಂದಿನ ಚಕ್ರವನ್ನು ಬೇಕೆಂದೇ ಜಾರಗೊಟ್ಟು, ಹ್ಯಾಂಡಲನ್ನು ಬಲಕ್ಕೆ ಹಿಡಿದು, ಉಕ್ಕಿನ ಅಟ್ಟೆ ಕಟ್ಟಿದ ಎಡಪಾದವನ್ನು ನೆಲಕ್ಕೆ ತಾಗಿಸುತ್ತಾರೆ. ಡಾಂಬರಿನಲ್ಲಿ ಚಕ್ರ ನೆಲವನ್ನು ಕಚ್ಚಿಕೊಳ್ಳುತ್ತದೆ, ಮಣ್ಣಿನಲ್ಲಿ ಜಾರುತ್ತದೆ. ಆ ಜಾರುವಿಕೆಯನ್ನು ಹಿಡಿತದಲ್ಲಿಡುವುದೇ ಇಡೀ ವಿದ್ಯೆ. ಸಂಜೆ ನೀರು ಹೊಡೆದಾಗ ಮೆತ್ತಗಿದ್ದ ಪಥ ರಾತ್ರಿ ಬೆಳೆದಂತೆ ಒಣಗಿ ಗಟ್ಟಿಯಾಗುತ್ತದೆ, ಮೊದಲ ಓಟದಲ್ಲಿ ಗೆಲ್ಲಿಸಿದ ದಾರಿ ಕೊನೆಯ ಓಟದಲ್ಲಿ ಸೋಲಿಸುತ್ತದೆ. ಇದೆಲ್ಲ ಅಭಿಮಾನಿಗೆ ತಿಳಿಯುವುದು ಆಮೇಲೆ. ಮೊದಲು ತಿಳಿಯುವುದು ಮೂಗಿಗೆ. ಆ ಕಾಲದ ರೇಸ್ ಬೈಕುಗಳಿಗೆ ಹಾಕುತ್ತಿದ್ದ ಎಣ್ಣೆ ಹರಳೆಣ್ಣೆಯದು. ಅದು ಸುಟ್ಟ ವಾಸನೆಗೆ ಇಂಗ್ಲೆಂಡಿನ ಹಳೆಯ ಅಭಿಮಾನಿಗಳು ಇಂದೂ ಕರಗಿಹೋಗುತ್ತಾರೆ. ಹರಳೆಣ್ಣೆ ಎಂದೊಡನೆ ಅಜ್ಜಿ ಮೂಗು ಹಿಡಿದು ಬಾಯಿಗೆ ಸುರಿಯುತ್ತಿದ್ದುದು ಮಾತ್ರ ನೆನಪಾಗುವ ನಮ್ಮ ಪೀಳಿಗೆಗೆ ಇದು ವಿಚಿತ್ರವೇ.

ಅಯೋವಾದ ನಾಕ್ಸ್‌ವಿಲ್ ಸಣ್ಣ ಊರು. ಅಲ್ಲಿಯೂ ಕಣ ಇರುವುದು ಜಿಲ್ಲಾ ಮೇಳದ ಬಯಲಿನಲ್ಲಿಯೇ; ಅರ್ಧ ಮೈಲಿಯ ಸುತ್ತು, ಕಪ್ಪು ಮಣ್ಣು. ಸ್ಪ್ರಿಂಟ್ ಕಾರುಗಳ ರಾಷ್ಟ್ರೀಯ ಸ್ಪರ್ಧೆ 1961ರಲ್ಲಿ ಅಲ್ಲಿ ಆರಂಭವಾಯಿತು. ಈ ಕಾರುಗಳಿಗೆ ತಮ್ಮಷ್ಟಕ್ಕೆ ಚಾಲೂ ಆಗುವ ಶಕ್ತಿಯಿಲ್ಲ, ಹಿಂದಿನಿಂದ ಇನ್ನೊಂದು ವಾಹನ ತಳ್ಳಬೇಕು. ತಿರುವಿನ ಬಳಿ ಕುಳಿತವರ ಮಡಿಲಿಗೆ ಮಣ್ಣಿನ ಹೆಂಟೆಗಳು ಬಂದು ಬೀಳುತ್ತವೆ. ಅಪ್ಪ ಕರೆದೊಯ್ದ, ಅಜ್ಜ ಹೆಗಲ ಮೇಲೆ ಕೂರಿಸಿಕೊಂಡ, ಮಾವನ ಕಾರಿನ ಗಾಲಿ ಕಳಚಲು ಸಹಾಯ ಮಾಡಿದೆ: ಅಲ್ಲಿಯವರು ತಮ್ಮ ಅಭಿಮಾನದ ಮೂಲವನ್ನು ಹೇಳಹೊರಟರೆ ಮಾತು ಹೆಚ್ಚಾಗಿ ಹೀಗೆಯೇ ಆರಂಭವಾಗುತ್ತದೆ. ಒಬ್ಬಂಟಿಯಾಗಿ ಹೋಗಿ ಅಭಿಮಾನಿಯಾದವರು ವಿರಳ.

ಇಷ್ಟು ಕೇಳಿದ ಮೇಲೂ ನನ್ನ ಶಿಷ್ಯ ತಲೆಯಾಡಿಸಿದ. “ಆದರೂ ಮಾಷ್ಟ್ರೇ, ಮಣ್ಣಿನಲ್ಲಿ ಸುತ್ತು ಹೊಡೆದು ಹೊರಟಲ್ಲಿಗೇ ಬರುವುದರಲ್ಲಿ ನೋಡಲಿಕ್ಕೆ ಏನುಂಟು?”

“ನೀನು ಐದನೆಯ ತರಗತಿಯಲ್ಲಿರುವಾಗ ಒಂದು ಸೋಮವಾರ ಶಾಲೆಗೆ ಬರಲಿಲ್ಲ” ಎಂದೆ. “ಮರುದಿನ ಬಂದವನು ಪಾಠದ ನಡುವೆ ಎದ್ದು ನಿಂತು, ಕನೆಹಲಗೆಯ ಕೋಣಗಳು ಚಿಮ್ಮಿಸಿದ ನೀರು ನಿಶಾನೆಗೆ ಮುಟ್ಟಿತು ಎಂದು ಎರಡು ಕೈ ಎತ್ತಿ ತೋರಿಸಿದ್ದೆ. ನಾನು ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.”

ಅವನು ನಕ್ಕ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮಗನಿಗೆ ಹೇಳುವಂತೆ, ನನಗಲ್ಲ, ಹೇಳತೊಡಗಿದ: ಅಂದು ರಾತ್ರಿ ಅಪ್ಪನ ಹೆಗಲ ಮೇಲಿದ್ದೆ, ಪೆಟ್ರೋಮ್ಯಾಕ್ಸ್ ಬೆಳಕಿತ್ತು, ಕರೆಯ ಕೆಸರು ಹಾರಿ ಅಪ್ಪನ ಬಿಳಿ ಮುಂಡಿಗೆ ಬಿತ್ತು, ಅಮ್ಮ ಅದನ್ನು ಎಷ್ಟು ಒಗೆದರೂ ಕಲೆ ಹೋಗಲಿಲ್ಲ. ಆ ಕೋಣಗಳ ಯಜಮಾನ ಯಾರೆಂದು ಅವನಿಗೂ ನೆನಪಿಲ್ಲ.

ರಸ್ತೆಯಲ್ಲಿ ಬೈಕ್ ಜಾರಿಸಬಾರದೆಂದು ನಾನು ಹುಡುಗನಿಗೆ ಬುದ್ಧಿ ಹೇಳಿದೆ; ಬ್ರೇಕಿಲ್ಲದ ಬೈಕಿಗೆ ಬೇಲಿಯಿದೆ, ಎದುರಿನಿಂದ ಬಸ್ಸು ಬರುವುದಿಲ್ಲ ಎಂದೂ ಹೇಳಿದೆ. ಹೂಂಗುಟ್ಟಿದ. ಕೇಳಿದನೋ ಇಲ್ಲವೋ, ನನ್ನ ಪೆನ್ನು ತೆಗೆದುಕೊಂಡು ನೋಟುಪುಸ್ತಕದ ಹಿಂಬದಿಯಲ್ಲಿ ‘1896, ವಿದ್ಯುತ್ ಕಾರು’ ಎಂದು ಬರೆದುಕೊಳ್ಳುತ್ತಿದ್ದ. ತಂದೆ ಬಗ್ಗಿ, “ರೈಕರ್ ಅಂತಲೂ ಬರೆ” ಎಂದ.