ಯಾನ್ ಹುಸ್ ಮೊಕದ್ದಮೆ: ಯಾರ ಕಡೆ ಎಷ್ಟು ನ್ಯಾಯ?

1415ರ ಜುಲೈ 6ರಂದು ಕಾನ್‌ಸ್ಟನ್ಸ್ ನಗರದಲ್ಲಿ ಚರ್ಚಿನ ಮಹಾಸಭೆ ಯಾನ್ ಹುಸ್‌ನ ಪಾದ್ರಿ ಉಡುಪುಗಳನ್ನು ಒಂದೊಂದಾಗಿ ಕಳಚಿಸಿ, ದೆವ್ವಗಳ ಚಿತ್ರವಿದ್ದ ಕಾಗದದ ಟೋಪಿಯನ್ನು ತಲೆಗಿಡಿಸಿತು. ಅದೇ ದಿನ ಅವನನ್ನು ಜೀವಂತ ಸುಟ್ಟು ಬೂದಿಯನ್ನು ರೈನ್ ನದಿಗೆ ಎಸೆದರು. ಆ ಕ್ರೌರ್ಯಕ್ಕೆ ಸಮರ್ಥನೆಯಿಲ್ಲ. ಆದರೆ ಅದರ ಹಿಂದಿದ್ದ ವಾದದಲ್ಲಿ ಎರಡೂ ಕಡೆ ತೂಕವಿದೆ.

ಹುಸ್ 1402ರಿಂದ ಪ್ರಾಗ್‌ನ ಬೆತ್ಲೆಹೆಮ್ ಚಾಪೆಲ್‌ನಲ್ಲಿ ಜನರಾಡುವ ಚೆಕ್ ಭಾಷೆಯಲ್ಲೇ ಬೋಧಿಸಿದವನು. 1412ರಲ್ಲಿ, ನೇಪಲ್ಸ್ ರಾಜನ ಮೇಲಿನ ಯುದ್ಧಕ್ಕಾಗಿ, ಪೋಪ್ ಎನಿಸಿಕೊಂಡಿದ್ದ 23ನೇ ಜಾನ್ ಪಾಪಕ್ಷಮಾಪಣಾ ಪತ್ರಗಳ ಮಾರಾಟಕ್ಕಿಳಿದಾಗ ಬಹಿರಂಗವಾಗಿ ವಿರೋಧಿಸಿದ. ದೊರೆ ಸಿಗಿಸ್ಮಂಡ್ ಕೊಟ್ಟ ಅಭಯವನ್ನು ನಂಬಿ ಕಾನ್‌ಸ್ಟನ್ಸ್‌ಗೆ ಬಂದವನನ್ನು ತಿಂಗಳೊಳಗೆ ಸೆರೆಗೆ ಹಾಕಿದರು. ತಾನು ಎಂದೂ ಆಡದ ಮಾತುಗಳನ್ನೂ ಹಿಂತೆಗೆದುಕೊಳ್ಳಬೇಕೆಂದಾಗ, ಅದು ದೇವರೆದುರು ಸುಳ್ಳು ಹೇಳಿದಂತೆ ಎಂದು ನಿರಾಕರಿಸಿದ.

ಇನ್ನು ಸಭೆಯ ಪಕ್ಷ. ಆಗ ಏಕಕಾಲಕ್ಕೆ ಮೂವರು ಪೋಪ್ ಪಟ್ಟಕ್ಕೆ ಹಕ್ಕು ಹೂಡಿದ್ದರು; ಒಡೆದ ಚರ್ಚನ್ನು ಒಂದುಗೂಡಿಸುವುದೇ ಸಭೆಯ ಮುಖ್ಯ ಕೆಲಸ. ಹುಸ್‌ನನ್ನು ಪ್ರಶ್ನಿಸಿದ ಪಿಯೆರ್ ದಾಯಿ ಸ್ವತಃ ಸುಧಾರಣೆ ಬಯಸಿದ್ದವನು. ಘೋರ ಪಾಪದಲ್ಲಿರುವ ಪೋಪ್, ಬಿಷಪ್, ಅಷ್ಟೇಕೆ ಅರಸ ಕೂಡ ದೇವರ ದೃಷ್ಟಿಯಲ್ಲಿ ಆ ಸ್ಥಾನಕ್ಕೆ ಯೋಗ್ಯನಲ್ಲ ಎಂಬ ಹುಸ್‌ನ ಮಾತು ಸಭೆಯವರನ್ನು ಬೆಚ್ಚಿಸಿತು. ಇನ್ನೊಬ್ಬನ ಅಂತರಂಗದ ಪಾಪವನ್ನು ಅಳೆಯುವವರು ಯಾರು? ಪ್ರತಿಯೊಬ್ಬನೂ ತನ್ನ ಮನಸ್ಸಾಕ್ಷಿಯಂತೆ ಅಧಿಕಾರವನ್ನು ತಳ್ಳಿಹಾಕಿದರೆ ಯಾವ ವ್ಯವಸ್ಥೆ ನಿಂತೀತು? ಈ ಆತಂಕ ಪೊಳ್ಳಲ್ಲ. ತಪ್ಪೊಪ್ಪಿ ಬದುಕಿಕೊಳ್ಳಲು ಅವನಿಗೆ ಮತ್ತೆ ಮತ್ತೆ ಅವಕಾಶ ಕೊಟ್ಟದ್ದೂ ನಿಜ.

ಹುಸ್‌ನನ್ನು ಸುಡುವ ಕೆಲವೇ ವಾರಗಳ ಮುಂಚೆ, ಮೇ ತಿಂಗಳಲ್ಲಿ, ಇದೇ ಸಭೆ 23ನೇ ಜಾನ್‌ನನ್ನು ದುರ್ನಡತೆಯ ಆರೋಪದ ಮೇಲೆ ಪಟ್ಟದಿಂದ ಇಳಿಸಿತ್ತು. ಕೆಟ್ಟವನು ಆ ಪೀಠಕ್ಕೆ ತಕ್ಕವನಲ್ಲ ಎಂಬುದನ್ನು ಎರಡೂ ಪಕ್ಷ ಒಪ್ಪಿದಂತಾಯಿತು. ಉಳಿದ ಜಗಳ, ಆ ತೀರ್ಪು ಕೊಡುವ ಹಕ್ಕು ಯಾರದೆಂಬುದು. ಒಬ್ಬ ಬೋಧಕನ ಅಂತಃಸಾಕ್ಷಿಗಿಂತ ಹಲವರು ಕೂತು ವಿಚಾರಿಸುವ ಸಭೆಯೇ ಮೇಲೆಂದು ನನಗನಿಸುತ್ತದೆ. ಅಷ್ಟರಮಟ್ಟಿಗೆ ನಾನು ಸಭೆಯ ಕಡೆ. ಆದರೆ ಆ ಹಿರಿಮೆ ಬರುವುದು ನ್ಯಾಯವಾದ ವಿಚಾರಣೆಯಿಂದ. ಕೊಟ್ಟ ಅಭಯ ಮುರಿದು, ಆಡದ ಮಾತನ್ನು ಹೊರಿಸಿ, ಭಿನ್ನಮತಕ್ಕೆ ಬೆಂಕಿಯಿಟ್ಟ ಸಭೆ ಆ ಹಿರಿಮೆಯನ್ನು ತಾನೇ ಕಳೆದುಕೊಂಡಿತು. ಹುಸ್‌ನ ನಾಡು ಬೊಹೀಮಿಯಾ 1419ರಿಂದ ಹದಿನೈದು ವರ್ಷ ಯುದ್ಧದಲ್ಲಿ ಬೆಂದಿತು. ಹುಸ್‌ನ ಕ್ರೂರ ಸಾವಿಗಾಗಿ ಪೋಪ್ ಎರಡನೇ ಜಾನ್ ಪಾಲ್ ಆಳವಾದ ವಿಷಾದ ವ್ಯಕ್ತಪಡಿಸಿದ್ದು 1999ರಲ್ಲಿ. ಸಭೆ ಎತ್ತಿದ ಪ್ರಶ್ನೆ ಸರಿಯಿತ್ತು. ಹುಸ್‌ಗೆ ಅದು ಕೊಟ್ಟ ಉತ್ತರ ತಪ್ಪಾಗಿತ್ತು.