ಮನೆವಾರ್ತೆ: ಒಂದೇ ಕೀಲಿಕೈ ಸಾಕು



ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಪುಟ್ಟ ಗಣಕಯಂತ್ರವಿದೆ. ರಾಸ್ಪ್‌ಬೆರಿ ಪೈ ಎಂದು ಅದರ ಹೆಸರು. ಇಂಗ್ಲೆಂಡಿನ ಕೇಂಬ್ರಿಜ್‌ನವರು ಮಕ್ಕಳ ಕಲಿಕೆಗೆಂದು 2012ರಲ್ಲಿ ಹೊರತಂದದ್ದು. ಇಸ್ಪೀಟಿನ ಎಲೆಯಷ್ಟೇ ಅಗಲ. ನಮ್ಮ ಮಾವನವರು ಊರಿನಲ್ಲಿ ಓದಿದ್ದ ಗದುಗಿನ ಭಾರತದ ಗಮಕವನ್ನೆಲ್ಲ ನನ್ನ ಮಗ ಅದರೊಳಗೆ ತುಂಬಿಸಿಟ್ಟಿದ್ದಾನೆ. ಮಾವನವರು ಈಗಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆಯವರು ಆ ದನಿ ಕೇಳುತ್ತ ಕೂರುತ್ತಾರೆ. ಮುಗಿದೊಡನೆ ಪ್ಲಗ್ಗು ಕಿತ್ತು ಮಲಗಲು ಹೋಗುತ್ತಿದ್ದರು.

ಕಷ್ಟ ಬಂದದ್ದು ಅಲ್ಲಿಯೇ. ಈ ಯಂತ್ರದ ನೆನಪೆಲ್ಲ ಉಗುರಿನಷ್ಟಿರುವ ಒಂದು ಮೆಮೊರಿ ಕಾರ್ಡಿನಲ್ಲಿ. ಯಂತ್ರ ಅದರಲ್ಲಿ ಏನಾದರೂ ಬರೆಯುತ್ತಿರುವಾಗ ಕರೆಂಟು ತಪ್ಪಿದರೆ ಒಳಗಿರುವುದೂ ಕೆಡಬಹುದು. ಒಂದು ಸಂಜೆ ಯಂತ್ರ ಏಳಲೇ ಇಲ್ಲ. ಮಗನ ಬಳಿ ನಕಲು ಇದ್ದುದರಿಂದ ಬಹಳಷ್ಟು ಉಳಿಯಿತು. ಮಾವನವರ ಕೊನೆಯ ಎರಡು ದಿನದ ಓದಿಗೆ ಮಾತ್ರ ನಕಲಿರಲಿಲ್ಲ. ಅತ್ತೆಯವರು ಏನೂ ಅನ್ನಲಿಲ್ಲ. ಅನ್ನದಿದ್ದುದೇ ನಮಗೆ ಹೆಚ್ಚು ನೋವಾಯಿತು.

ನಮ್ಮಲ್ಲಿರುವ ಯಂತ್ರಕ್ಕೆ ಸ್ವಿಚ್ಚು ಇಲ್ಲ. ನಿಲ್ಲು ಎಂದು ಆಜ್ಞೆ ಕೊಟ್ಟು ನಿಲ್ಲಿಸಬೇಕು. ಆದ್ದರಿಂದ ಮಗ ಪಿಎಚ್‌ಪಿಯಲ್ಲಿ ಒಂದು ಜಾಲಪುಟ ಮಾಡಿದ. ಫೋನಿನಲ್ಲಿ ಪುಟ ತೆರೆದು ‘ನಿಲ್ಲಿಸು’ ಎಂಬ ಗುಂಡಿ ಒತ್ತಿದರೆ ಸಾಕು, ಪುಟವೇ ಆಜ್ಞೆಯನ್ನು ಯಂತ್ರಕ್ಕೆ ದಾಟಿಸಬೇಕು. ಒತ್ತಿದೆವು. ಏನೂ ಆಗಲಿಲ್ಲ.

“ಅಮ್ಮಾ, ಕೀಬೋರ್ಡಿನಿಂದ ನಾನು ಹೇಳಿದರೆ ಕೇಳುತ್ತದೆ, ಪುಟ ಹೇಳಿದರೆ ಇಲ್ಲ!” ಎಂದ.

ಕಾರಣ ಹುಡುಕಿದಾಗ ತಿಳಿಯಿತು: ಪುಟದ ಮೂಲಕ ಆಜ್ಞೆ ಕೊಡುವವನು ಇವನಲ್ಲ. ವೆಬ್ ಸರ್ವರಿಗೆ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ’ ಎಂಬ ಬೇರೊಬ್ಬ ಆಳಿದ್ದಾನೆ. ಬೇಕೆಂದೇ ಅವನಿಗೆ ಅಧಿಕಾರ ಕಡಿಮೆ. ‘ಸೂಡೊ’ ಎಂದು ಮೇಲಧಿಕಾರ ಬೇಡಿದರೆ ಯಂತ್ರ ಪಾಸ್‌ವರ್ಡ್ ಕೇಳುತ್ತದೆ. ಆಳಿನ ಬಳಿ ಅದೆಲ್ಲಿ? ಆ ತಕರಾರು ಪುಟದಲ್ಲಿ ಕಾಣದೆ ಸರ್ವರಿನ ದಾಖಲೆಗೆ ಹೋಗಿ ಬಿದ್ದಿತ್ತು.

ಮಗ ಸುಲಭದ ದಾರಿ ಹಿಡಿದ. ಈ ಆಳು ಯಾವ ಆಜ್ಞೆಯನ್ನಾದರೂ ಪಾಸ್‌ವರ್ಡ್ ಇಲ್ಲದೆ ನಡೆಸಬಹುದು ಎಂದು ಸೂಡೊ ಕಡತದಲ್ಲಿ ಒಂದು ಸಾಲು ಬರೆದುಬಿಟ್ಟ. ಗುಂಡಿ ಕೆಲಸಮಾಡಿತು.

“ಬಾಗಿಲು ಹಾಕಿ ಬಾ ಎಂದು ಆಳಿಗೆ ತಿಜೋರಿಯ ಕೀಲಿಯನ್ನೂ ಕೊಟ್ಟೆಯೇನೋ?” ಎಂದೆ.

ಮೊದಲು ನಕ್ಕ. ಆಮೇಲೆ ತಾನೇ ಪರೀಕ್ಷೆ ಮಾಡಿದ. ಪುಟದಲ್ಲಿ ಪರ್ವದ ಹೆಸರು ಬರೆಯಲು ಒಂದು ಚೌಕವಿತ್ತು. ಅಲ್ಲಿ ಬರೆದುದು ನೇರವಾಗಿ ಆಜ್ಞೆಯ ಬಾಲಕ್ಕೆ ಅಂಟುತ್ತಿತ್ತು. ಹೆಸರಿನ ಮುಂದೆ ಅರ್ಧವಿರಾಮದ ಚಿಹ್ನೆ ಹಾಕಿದರೆ, ‘ಒಂದು ಆಜ್ಞೆ ಮುಗಿಯಿತು, ಇನ್ನೊಂದು ತೆಗೆದುಕೊ’ ಎಂದು ಯಂತ್ರಕ್ಕೆ ಅರ್ಥ. ಮಗ ಅಲ್ಲಿ ಸೂಡೊ ಸೇರಿಸಿ ‘ನಾನು ಯಾರು?’ ಎಂದು ಕೇಳಿದ. ಪುಟ ‘ರೂಟ್’ ಎಂದಿತು. ಎಂದರೆ ಯಂತ್ರದ ಯಜಮಾನ. ಆ ಪ್ರಶ್ನೆಯ ಬದಲು ‘ಎಲ್ಲವನ್ನೂ ಅಳಿಸು’ ಎಂದಿದ್ದರೆ ಅದನ್ನೂ ಅಷ್ಟೇ ವಿನಯದಿಂದ ಮಾಡಿರುತ್ತಿತ್ತು. ಮಗನ ಮುಖ ಇಳಿಯಿತು.

‘ಮನೆಯ ವೈಫೈ ತಾನೇ, ನಾವೇ ಇರುವವರು’ ಎನ್ನಬೇಡಿ. ಬಂದ ನೆಂಟರಿಗೆಲ್ಲ ಅದರ ಪಾಸ್‌ವರ್ಡ್ ಕೊಡುತ್ತೇವೆ. ಅವರ ಫೋನುಗಳಲ್ಲಿ ಏನೇನಿದೆಯೋ ಬಲ್ಲವರಾರು? 2014ರಲ್ಲಿ ‘ಶೆಲ್‌ಶಾಕ್’ ಎಂಬ ದೋಷ ಬಯಲಾದಾಗ, ಜಾಲಪುಟಕ್ಕೆ ಕಳಿಸಿದ ಅಕ್ಷರಗಳಿಂದಲೇ ಪರರ ಯಂತ್ರದಲ್ಲಿ ಆಜ್ಞೆ ನಡೆಸಬಹುದೆಂದು ಲೋಕಕ್ಕೆಲ್ಲ ತಿಳಿಯಿತು.

ಕೊನೆಗೆ ಮೂರು ಕೆಲಸ ಮಾಡಿದೆವು. ಒಂದು, ಸೂಡೊ ಕಡತದ ಆ ಸಾಲನ್ನು ತೆಗೆದು, ಯಂತ್ರ ನಿಲ್ಲಿಸುವ ಆಜ್ಞೆಯೊಂದಕ್ಕೇ ಅನುಮತಿ ಕೊಟ್ಟೆವು. ಪೂರ್ತಿ ವಿಳಾಸ ಸಹಿತ, ಒಂದು ಪದವೂ ಹೆಚ್ಚು ಕಡಿಮೆಯಾಗದಂತೆ. ಇದನ್ನು ‘ವಿಸೂಡೊ’ ಎಂಬ ಸಾಧನದಿಂದಲೇ ತಿದ್ದಬೇಕು. ಬರಹ ತಪ್ಪಿದ್ದರೆ ಅದು ಮೊದಲೇ ಎಚ್ಚರಿಸುತ್ತದೆ. ಎರಡು, ಬರೆಯುವ ಚೌಕ ತೆಗೆದು ಹತ್ತು ಪರ್ವಗಳಿಗೆ ಹತ್ತು ಗುಂಡಿ ಇಟ್ಟೆವು. ಪುಟ ಕಳಿಸುವುದು ಬರೀ ಅಂಕಿ; 1ರಿಂದ 10ರೊಳಗಿಲ್ಲದ್ದು ಏನೇ ಬಂದರೂ ತಳ್ಳಿಹಾಕುತ್ತದೆ. ಮೂರು, ಗಮಕದ ಇನ್ನೊಂದು ನಕಲನ್ನು ನಾದಿನಿಯ ಮನೆಯಲ್ಲಿಟ್ಟೆವು.

ಅಧಿಕಾರ ಸಾಲದಿದ್ದಾಗ ಎಲ್ಲವನ್ನೂ ಕೊಟ್ಟುಬಿಡುವುದು ಸುಲಭ. ಬೇಕಾದಷ್ಟನ್ನೇ ಅಳೆದು ಕೊಡುವುದಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ನಿಮ್ಮ ಮನೆಯ ಮಕ್ಕಳೂ ಇಂಥ ಯಂತ್ರ ಕಟ್ಟುತ್ತಿದ್ದರೆ ಆ ಅರ್ಧ ಗಂಟೆ ಅವರ ಪಕ್ಕ ಕುಳಿತುಕೊಳ್ಳಿ.

ಈಗ ಅತ್ತೆಯವರು ಗುಂಡಿ ಒತ್ತಿ, ಹಸಿರು ದೀಪ ಮಿನುಗುವುದು ನಿಲ್ಲುವವರೆಗೆ ಕಾಯುತ್ತಾರೆ. ಆಮೇಲೆಯೇ ಪ್ಲಗ್ಗಿಗೆ ಕೈ. ಮೊನ್ನೆ ಅವಸರದಲ್ಲಿ ನಾನೇ ಕೀಳಲು ಹೋದೆ. “ತಡಿಯೇ, ಅವರಿನ್ನೂ ಮುಗಿಸಿಲ್ಲ” ಎಂದರು.