ನೇತ್ರಾಣಿಯ ಬಂಡೆಗಳ ಲೆಕ್ಕ ಬರೆಯಿರಿ

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಪಡುವಣಕ್ಕೆ ನೇತ್ರಾಣಿ. ಮೀನುಗಾರರು ಹರಕೆ ಹೊತ್ತು ಹೋಗುವ ದ್ವೀಪ, ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುವ ದ್ವೀಪ, ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ. ನೀರ ಮೇಲಿನ ಗುಡ್ಡವನ್ನು ನಾವೆಲ್ಲ ಬಲ್ಲೆವು. ಅದರ ಬುಡದ ಬಂಡೆಗಳನ್ನು ಎಷ್ಟು ಜನ ಬಲ್ಲೆವು?

ನಮ್ಮ ಕರಾವಳಿಯ ಕಡಲತಳ ಬಹುಪಾಲು ಕೆಸರು ಮತ್ತು ಮರಳು. ಹವಳ, ಸ್ಪಂಜು, ನೀಲಿಕಲ್ಲು ಎಂಬ ಚಿಪ್ಪಿನಂಥ ಜೀವಿಗಳಿಗೆ ಅಂಟಿಕೊಂಡು ಬೆಳೆಯಲು ಗಟ್ಟಿ ನೆಲ ಬೇಕು. ಆ ನೆಲ ಇರುವುದು ಇಂಥ ಬಂಡೆಗಳ ಮೇಲೆ ಮಾತ್ರ. ಮುರುಮೀನು ಅಡಗುವುದು ಅವುಗಳ ಸಂದುಗಳಲ್ಲಿ, ಗಿಳಿಮೀನು ಮೇಯುವುದು ಅವುಗಳ ಮೈಮೇಲೆ. ಬಂಡೆ ಬರಿದಾದರೆ ಇವು ಪಕ್ಕದ ಕೆಸರಿಗೆ ಹೋಗಿ ಬದುಕಲಾರವು.

ಕಾನೂನು ಇಲ್ಲವೆಂದಲ್ಲ. ಗಟ್ಟಿ ಹವಳಗಳನ್ನು 2001ರಲ್ಲೇ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಅಂದರೆ ಕಾಗದದ ಮೇಲೆ ಹವಳಕ್ಕೂ ಹುಲಿಗೂ ಒಂದೇ ರಕ್ಷಣೆ. 2006ರಿಂದ ದೇಶದ ಹುಲಿಗಳನ್ನು ನಾಲ್ಕು ವರ್ಷಕ್ಕೊಮ್ಮೆ ಎಣಿಸುತ್ತ ಬಂದಿದ್ದೇವೆ. ಒಂದು ಕಾಡಿನಲ್ಲಿ ಹುಲಿ ಕಡಿಮೆಯಾದರೆ ಪತ್ರಿಕೆಗಳು ಕೇಳುತ್ತವೆ, ವಿಧಾನಸಭೆ ಕೇಳುತ್ತದೆ. ಹವಳ ಕಡಿಮೆಯಾದರೆ ಯಾರು ಕೇಳಬೇಕು, ಯಾವ ಅಂಕಿ ಹಿಡಿದು ಕೇಳಬೇಕು?

ಹವಳದ ಲೆಕ್ಕ ಇಡುವುದು ಬಿಡುವಾದಾಗ ಮಾಡುವ ಕೆಲಸವಲ್ಲ. ಕಡಲು ಬಿಸಿಯಾಗುತ್ತಿದೆ. 1998, 2010, 2016ರಲ್ಲಿ ಭಾರತದ ಹವಳಗಳು ಬಣ್ಣ ಕಳೆದುಕೊಂಡವು. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳ ಮತ್ತೆ ಬೆಳ್ಳಗಾಯಿತು. ಮುಂದಿನ ಬಿಸಿ ಅಲೆ ನೇತ್ರಾಣಿಗೆ ಬಂದು ಹೋದ ಮೇಲೆ ಮುಳುಗಿ ನೋಡಿದರೆ ಸತ್ತದ್ದು ಕಾಣುತ್ತದೆ. ಮೊದಲು ಎಷ್ಟಿತ್ತು ಎಂಬುದು ಕಾಣುವುದಿಲ್ಲ. ಅದನ್ನು ಇಂದೇ ಅಳೆದಿಡಬೇಕು, ನಾಳೆ ಅಳೆಯಲು ಆಗದು.

ಅಳೆಯುವ ದಾರಿ ಗೊತ್ತಿರುವುದೇ. ದೋಣಿಯಿಂದ ಸೋನಾರ್ ಬಿಟ್ಟರೆ ಕಲ್ಲೆಲ್ಲಿ, ಕೆಸರೆಲ್ಲಿ, ಆಳವೆಷ್ಟು ಎಂಬ ನಕ್ಷೆ ಸಿಗುತ್ತದೆ. ಆಮೇಲೆ ಮುಳುಗುಗಾರರು ಬಂಡೆಯ ಮೇಲೆ ಅಳತೆಪಟ್ಟಿ ಹಾಸಿ, ಅದರುದ್ದಕ್ಕೂ ಚಿತ್ರ ತೆಗೆದು, ಹವಳ ಎಷ್ಟು ಜಾಗ ಹಿಡಿದಿದೆ, ಯಾವ ಮೀನು ಎಷ್ಟಿವೆ ಎಂದು ಬರೆಯುತ್ತಾರೆ. ಮನುಷ್ಯ ಇಳಿಯಲಾಗದ ಆಳಕ್ಕೆ ಕ್ಯಾಮೆರಾ ಇಳಿಸಬಹುದು. ಮಳೆಗಾಲ ಕಳೆದು ನೀರು ತಿಳಿಯಾದಾಗ, ಪ್ರತಿ ವರ್ಷ, ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ. ಒಮ್ಮೆ ಮಾಡಿ ವರದಿ ಕಪಾಟಿಗೆ ಸೇರಿದರೆ ಅದು ಸಮೀಕ್ಷೆಯೇ ಅಲ್ಲ.

ಜನರಿಗೂ ಕೊರತೆಯಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮಂಗಳೂರಿನಲ್ಲೂ ಕಾರವಾರದಲ್ಲೂ ಇದೆ. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಪಕ್ಕದ ಗೋವಾದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಿದೆ. ಇವರೆಲ್ಲರಿಗಿಂತ ಮೊದಲು ಕೇಳಬೇಕಾದವರು ಭಟ್ಕಳ, ಹೊನ್ನಾವರದ ಮೀನುಗಾರರು. ಬಲೆ ಹರಿಯದಿರಲಿ ಎಂದು ನೀರಡಿಯ ಒಂದೊಂದು ಕಲ್ಲನ್ನೂ ನೆನಪಿಟ್ಟುಕೊಂಡವರು ಅವರು. ಅವರ ಅರಿವನ್ನು ಪಡೆದು, ಅವರನ್ನೇ ಹೊರಗಟ್ಟುವ ರಕ್ಷಣೆ ನನಗೆ ಬೇಡ. ಅದು ನ್ಯಾಯವೂ ಅಲ್ಲ, ಉಳಿಯುವುದೂ ಇಲ್ಲ. ದೋಣಿ ಅವರದಿರಲಿ, ಕೂಲಿ ಅವರಿಗೆ ಸಲ್ಲಲಿ, ನಕ್ಷೆಯ ಮೇಲೆ ಅವರ ಹೆಸರೂ ಇರಲಿ.

ನೇತ್ರಾಣಿಯ ನೀರಿಗಿಳಿದು ಬಣ್ಣದ ಮೀನುಗಳ ಚಿತ್ರದೊಂದಿಗೆ ಊರಿಗೆ ಮರಳುವ ಗೆಳೆಯರೇ, ಆ ಚಿತ್ರಕ್ಕೆ ತಾರೀಕು, ಜಾಗ, ಆಳ ಬರೆದು ಸಂಶೋಧಕರಿಗೆ ಕೊಡಿ. ಬಂಡೆಗೆ ಸಿಕ್ಕಿಕೊಂಡ ಹರುಕು ಬಲೆ ಕಂಡರೆ ತಿಳಿಸಿ. ಒಡೆಯನಿಲ್ಲದ ಆ ಬಲೆ ಇನ್ನೂ ಮೀನು ಕೊಲ್ಲುತ್ತಿರುತ್ತದೆ. ಕರಾವಳಿಯ ಶಾಸಕರೇ, ಬಜೆಟ್ಟಿನಲ್ಲಿ ಬಂದರಿಗೆ, ರಸ್ತೆಗೆ ಹಣ ಕೇಳುವಾಗ ಈ ಸಮೀಕ್ಷೆಗೂ ಪ್ರತಿ ವರ್ಷದ ಒಂದು ಪಾಲು ಕೇಳಿ. ಓದುಗರೇ, ಅವರು ಕೇಳುವವರೆಗೆ ನೀವು ಅವರಿಗೆ ಪತ್ರ ಬರೆಯುತ್ತಲೇ ಇರಿ.